ಚಟವೋ, ಅವಲಂಬನೆಯೋ?

ತಂಬಾಕನ್ನು ಬಿಡಲಾರದವನನ್ನು ‘ಚಟಕ್ಕೆ ಬಿದ್ದವನು’ ಎನ್ನುತ್ತೇವೆ; ಆ ಮಾತಿನಲ್ಲಿ ರೋಗಿಗಿಂತ ಅಪರಾಧಿಯೇ ಕಾಣುತ್ತಾನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಆರಂಭವಾದ ತಂಬಾಕು ಸಂಶೋಧನಾ ಕೇಂದ್ರದ ಸಂಸ್ಥಾಪಕ, ವೈದ್ಯ ಮೈಕೆಲ್ ಫಿಯೋರ್ ಈ ದೃಷ್ಟಿಯನ್ನು ತಿದ್ದಲು ಶ್ರಮಿಸಿದವರು. ಅವರ ಅಧ್ಯಕ್ಷತೆಯ ಸಮಿತಿಯು 1996ರಲ್ಲಿ ಹೊರತಂದ ಚಿಕಿತ್ಸಾ ಮಾರ್ಗಸೂಚಿಯ ಹೆಸರು ‘ಧೂಮಪಾನ ನಿಲುಗಡೆ’ ಎಂದಿತ್ತು. 2000ದ ಪರಿಷ್ಕರಣದಲ್ಲಿ ಅದು ‘ತಂಬಾಕು ಬಳಕೆ ಮತ್ತು ಅವಲಂಬನೆಯ ಚಿಕಿತ್ಸೆ’ ಎಂದಾಯಿತು. ಅವಲಂಬನೆಯು ಮರುಕಳಿಸಬಲ್ಲ ದೀರ್ಘಕಾಲಿಕ ವ್ಯಾಧಿ. ಆದುದರಿಂದ ರಕ್ತದೊತ್ತಡವನ್ನು ಅಳೆಯುವಂತೆಯೇ ಪ್ರತಿ ಭೇಟಿಯಲ್ಲಿಯೂ ವೈದ್ಯರು ತಂಬಾಕಿನ ಬಗೆಗೆ ವಿಚಾರಿಸಬೇಕು; ಆಪ್ತಸಲಹೆ, ಔಷಧಿ ಎರಡನ್ನೂ ನೀಡಬೇಕು; ಬಿಟ್ಟವನು ಮತ್ತೆ ಸೇದಿದರೆ ಹಳಿಯದೆ ಚಿಕಿತ್ಸೆಯನ್ನು ಮುಂದುವರಿಸಬೇಕು. ಕನ್ನಡದಲ್ಲಿ ಆರೋಗ್ಯದ ಬಗೆಗೆ ಬರೆಯುವವರು ‘ಚಟ’ವೆಂಬ ಪದವನ್ನು ಬಳಸುವ ಮುನ್ನ ಇದನ್ನು ನೆನೆಯುವುದು ಒಳಿತು.