ಬಣ್ಣದ ಕೆಳಗಿನ ಉಕ್ಕು

ಸೈಕಲ್ ಫ್ರೇಮ್ ಬಗ್ಗೆ ನಮ್ಮಲ್ಲಿ ಎರಡು ನಂಬಿಕೆ ಬೇರೂರಿವೆ. ಭಾರವಿದ್ದಷ್ಟೂ ಗಟ್ಟಿ ಎಂಬುದು ಒಂದು, ದುಬಾರಿ ಉಕ್ಕು ಬಾಗುವುದೇ ಇಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು. ಸೇಡಂ, ಚಿತ್ತಾಪುರದ ಕಡೆ ತೊಗರಿ ಚೀಲ ಹೊರುವ ಹಳೇ ಅಟ್ಲಾಸ್, ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್, ಹೀರೋ ರೇಂಜರ್, 1981ರಲ್ಲಿ ಕ್ಯಾಲಿಫೋರ್ನಿಯಾದ ಸ್ಪೆಷಲೈಸ್ಡ್ ಕಂಪನಿ ಹೊರತಂದ ಸ್ಟಂಪ್‌ಜಂಪರ್, ಎಲ್ಲದರ ಫ್ರೇಮೂ ಉಕ್ಕಿನದೇ. ಯಾವ ಜಾತಿಯ ಉಕ್ಕಾದರೂ ಒಂದು ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ ತೂಗುತ್ತದೆ. ಒಂದೇ ಅಳತೆಯ ಕೊಳವೆಗಳನ್ನು ಒಂದೇ ಬಲದಿಂದ ಒತ್ತಿದರೆ ಅಗ್ಗದ್ದೂ ದುಬಾರಿಯದೂ ಸರಿಸುಮಾರು ಅಷ್ಟಷ್ಟೇ ಬಾಗುತ್ತವೆ.

ವ್ಯತ್ಯಾಸ ಇರುವುದು ಕೈ ಬಿಟ್ಟ ಮೇಲೆ ಮೊದಲಿನ ಆಕಾರಕ್ಕೆ ಮರಳುತ್ತದೆಯೇ ಎಂಬುದರಲ್ಲಿ. ಸಾದಾ ಉಕ್ಕು 250 ಮೆಗಾಪಾಸ್ಕಲ್ ಆಸುಪಾಸಿನ ಒತ್ತಡಕ್ಕೇ ಸೊಟ್ಟಗಾಗಿ ಉಳಿಯುತ್ತದೆ. ಕ್ರೋಮೋಲಿ ಎಂಬ ಮಿಶ್ರ ಉಕ್ಕು 400 ದಾಟಿದರೂ ತಡೆದುಕೊಳ್ಳುತ್ತದೆ. ಅದರಲ್ಲಿರುವ ಕ್ರೋಮಿಯಂ ಶೇ. 1ರಷ್ಟು, ಮಾಲಿಬ್ಡಿನಂ ಶೇ. 0.2ರಷ್ಟು ಮಾತ್ರ. ಶಹಾಬಾದಿನವರಿಗೆ ಈ ಜೋಡಿ ಹೊಸದಲ್ಲ. ಅಲ್ಲಿನ ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್ ಕಾರ್ಖಾನೆ ತಯಾರಿಸುತ್ತಿದ್ದುದು ಬಾಯ್ಲರುಗಳನ್ನು. ಸುಡುವ ಹಬೆಯ ಒತ್ತಡ ತಾಳಬೇಕಾದ ಬಾಯ್ಲರ್ ಕೊಳವೆಗಳಿಗೆ ಜಗತ್ತಿನಾದ್ಯಂತ ಬಳಸುವುದು ಇವೇ ಎರಡು ಲೋಹ ಬೆರೆಸಿದ ಉಕ್ಕು.

ಉಕ್ಕು ಬಲವಾಗಿದ್ದರೆ ಕೊಳವೆಯ ಗೋಡೆ ತೆಳುವಾಗಿಸಬಹುದು, ತೂಕ ಇಳಿಯುವುದು ಅಲ್ಲಿಂದ. ಆದರೆ ತೆಳುವಾದಷ್ಟೂ ಕೊಳವೆ ಹೆಚ್ಚು ಬಾಗುತ್ತದೆ. ಅದಕ್ಕೆ ಪರಿಹಾರ ವ್ಯಾಸದಲ್ಲಿದೆ. ಬಿಗಿತ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. 28.6 ಮಿ.ಮೀ. ಕೊಳವೆಯ ಜಾಗದಲ್ಲಿ ಅಷ್ಟೇ ದಪ್ಪ ಗೋಡೆಯ 31.8 ಮಿ.ಮೀ. ಕೊಳವೆ ಹಾಕಿದರೆ ತೂಕ ಶೇ. 11ರಷ್ಟು ಹೆಚ್ಚಿದರೂ ಬಿಗಿತ ಮೂರನೇ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ. ಹಳೆಯ ಮೌಂಟನ್ ಬೈಕುಗಳ ಕೊಳವೆ ದಪ್ಪಗೆ ಕಾಣುವುದು ಈ ಲೆಕ್ಕದಿಂದ. ಇನ್ನೊಂದು ಜಾಣ್ಮೆ 1897ರಷ್ಟು ಹಳೆಯದು. ಬೆಸುಗೆ ಬೀಳುವ ತುದಿಗಳಲ್ಲಿ ಗೋಡೆ 0.9 ಮಿ.ಮೀ. ಇಟ್ಟು, ನಡುವೆ 0.6ಕ್ಕೆ ಇಳಿಸುವುದು. ಇಂಗ್ಲೆಂಡಿನ ಆಲ್‌ಫ್ರೆಡ್ ರೇನಾಲ್ಡ್ಸ್ ಇದಕ್ಕೆ ಪೇಟೆಂಟ್ ಪಡೆದರು. ನನ್ನ ಮಟ್ಟಿಗೆ ಸೈಕಲ್ ತಂತ್ರಜ್ಞಾನದಲ್ಲಿ ಇದಕ್ಕಿಂತ ಚೆಂದದ ಉಪಾಯವಿಲ್ಲ.

ಹಳೇ ಗೇರ್ ಸೈಕಲ್ ಕೊಳ್ಳುವಾಗ ಸ್ಟಿಕ್ಕರ್ ನಂಬಬೇಡಿ. ಎಷ್ಟೋ ಮಾದರಿಗಳಲ್ಲಿ ಮುಂದಿನ ಮೂರು ಕೊಳವೆ ಮಾತ್ರ ಕ್ರೋಮೋಲಿ, ಹಿಂಚಕ್ರ ಹಿಡಿದವು ಸಾದಾ ಉಕ್ಕು. ಸೀಟಿನ ಕಂಬ ಹೊರತೆಗೆದು ಅಳೆಯಿರಿ. ಸೀಟಿನ ಕೊಳವೆಯ ಹೊರವ್ಯಾಸ 28.6 ಇದ್ದು ಕಂಬ 25.4 ಮಿ.ಮೀ. ಇದ್ದರೆ ಗೋಡೆ 1.6 ಮಿ.ಮೀ. ದಪ್ಪ, ಅಂದರೆ ಅಗ್ಗದ ಉಕ್ಕು. ಕಂಬ 27.2 ಇದ್ದರೆ ಗೋಡೆ 0.7, ಒಳ್ಳೆಯ ಉಕ್ಕಿನ ಲಕ್ಷಣ. ಟಾರ್ಚ್ ಹಾಕಿ ಒಳಗೆ ತುಕ್ಕನ್ನೂ ನೋಡಿ. ಕ್ರೋಮೋಲಿ ಸ್ಟೇನ್‌ಲೆಸ್ ಅಲ್ಲ, ಸ್ಟೇನ್‌ಲೆಸ್ ಆಗಲು ಕ್ರೋಮಿಯಂ ಕನಿಷ್ಠ ಶೇ. 10.5 ಬೇಕು. ತೆಳು ಗೋಡೆಯನ್ನು ತುಕ್ಕು ಬೇಗ ತಿಂದು ಹಾಕುತ್ತದೆ.

ಹಾಗಂತ ದಪ್ಪ ಗೋಡೆಯ ಸೈಕಲ್ ಕೀಳಲ್ಲ. ಕ್ಯಾರಿಯರ್ ಮೇಲೆ ಚೀಲ ಹೇರಿ ಹೊಲಕ್ಕೆ ಹೋಗುವವರಿಗೆ ಅದೇ ಸರಿ. ಮುರಿದರೆ ವಾಡಿಯಲ್ಲೋ ಚಿಂಚೋಳಿಯಲ್ಲೋ ವೆಲ್ಡಿಂಗ್ ಅಂಗಡಿಯಲ್ಲಿ ಸುಲಭವಾಗಿ ಬೆಸೆಯಬಹುದು. 0.6 ಮಿ.ಮೀ. ಗೋಡೆಗೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತೇ ಬೀಳುತ್ತದೆ. ಕ್ರೋಮೋಲಿ ಫ್ರೇಮ್ ಬಿರುಕು ಬಿಟ್ಟರೆ ಟಿಗ್ ವೆಲ್ಡಿಂಗ್ ಅಥವಾ ಹಿತ್ತಾಳೆ ಬೆಸುಗೆ ಬಲ್ಲವರ ಕೈಗೇ ಕೊಡಿ.