ಎಷ್ಟು ಸಿಹಿ, ಎಷ್ಟು ಹುಳಿ: ಕೊಚ್ಚಿಯ ಊಟಕ್ಕೊಂದು ಶಾಂಪೇನ್

ಎರ್ನಾಕುಲಂ ಜಿಲ್ಲೆಯ ಉತ್ತರ ಪರವೂರಿನ ಬಳಿ ಮೂತಕುನ್ನಂ ಎಂಬ ಊರಿದೆ. ಅಲ್ಲಿನ ಹಿನ್ನೀರಿನಲ್ಲಿ ಚಿಪ್ಪು ಪೋಣಿಸಿದ ಹಗ್ಗಗಳನ್ನು ಇಳಿಬಿಟ್ಟು ಆಯ್ಸ್ಟರ್ ಬೆಳೆಸುತ್ತಾರೆ. ಈ ಕೃಷಿಗೆ ಬೆನ್ನೆಲುಬಾಗಿ ನಿಂತಿರುವುದು ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ. ಶುದ್ಧ ನೀರಿನಲ್ಲಿಟ್ಟು ಸ್ವಚ್ಛಗೊಳಿಸಿದ ಜೀವಂತ ಆಯ್ಸ್ಟರ್‌ಗಳನ್ನು ಅದು ನಗರದಲ್ಲಿ ಮಾರಾಟಕ್ಕೂ ಇಟ್ಟಿದೆ. ಫ್ರಾನ್ಸಿನಲ್ಲಿ ಹಬ್ಬದೂಟ ಎಷ್ಟೋ ಮನೆಗಳಲ್ಲಿ ಶುರುವಾಗುವುದೇ ಹಸಿ ಆಯ್ಸ್ಟರ್ ಮತ್ತು ತಣ್ಣನೆಯ ಶಾಂಪೇನ್‌ನಿಂದ. ಆ ಜೋಡಿಯಲ್ಲಿ ಒಂದು ಕೊಚ್ಚಿಯ ಮನೆಬಾಗಿಲಲ್ಲೇ ಇದೆ. ಇನ್ನೊಂದನ್ನು, ಅಂದರೆ ಬಾಟಲಿಯನ್ನು, ಆರಿಸುವಾಗ ಹೆಚ್ಚಿನವರು ಹೆಸರು ನೋಡುತ್ತಾರೆ, ಬೆಲೆ ನೋಡುತ್ತಾರೆ. ತಮ್ಮ ನಾಲಿಗೆಗೆ ಯಾವುದು ಹಿತ ಎಂದು ಕೇಳಿಕೊಳ್ಳುವವರು ಕಡಿಮೆ.

ಈ ಕರಾವಳಿಗೆ ಹೊರದೇಶದ ವೈನ್ ಹೊಸದಲ್ಲ. ಮೂತಕುನ್ನಂನಿಂದ ಕೆಲವೇ ಕಿಲೋಮೀಟರ್ ದೂರದ ಪಟ್ಟಣಂನಲ್ಲಿ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು 2007ರಿಂದ ನಡೆಸಿದ ಉತ್ಖನನದಲ್ಲಿ ರೋಮನ್ ಕಾಲದ ಆಂಫೊರಾ ಜಾಡಿಗಳ ಸಾವಿರಾರು ಚೂರುಗಳು ಸಿಕ್ಕಿವೆ. ಪ್ರಾಚೀನ ಮುಜಿರಿಸ್ ಬಂದರು ಇದೇ ಇರಬಹುದೆಂದು ಅನೇಕ ವಿದ್ವಾಂಸರು ನಂಬುತ್ತಾರೆ. ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ 'ಪೆರಿಪ್ಲಸ್' ಕೃತಿಯಲ್ಲಿ ಮುಜಿರಿಸ್‌ಗೆ ಬರುತ್ತಿದ್ದ ಸರಕಿನ ಪಟ್ಟಿ ಇದೆ. ಹವಳ, ತಾಮ್ರ, ಗಾಜುಗಳ ಜೊತೆ ವೈನ್ ಕೂಡ ಅದರಲ್ಲಿದೆ, ಹೆಚ್ಚೇನಿಲ್ಲ ಎಂಬ ಮಾತಿನೊಂದಿಗೆ.

ಇಂದಿಗೂ ಹೆಚ್ಚೇನಿಲ್ಲ. ಕೇರಳದಲ್ಲಿ ಬಾಟಲಿ ಮದ್ಯದ ಚಿಲ್ಲರೆ ಮಾರಾಟ ಮುಖ್ಯವಾಗಿ 1984ರಲ್ಲಿ ಸ್ಥಾಪನೆಯಾದ, ತಿರುವನಂತಪುರದಲ್ಲಿ ಕೇಂದ್ರ ಕಚೇರಿಯಿರುವ ಸರ್ಕಾರಿ ನಿಗಮ 'ಬೆವ್ಕೊ'ದ ಕೈಯಲ್ಲಿದೆ. ತಿಂಗಳ ಮೊದಲ ದಿನ ಅದರ ಅಂಗಡಿಗಳಿಗೆ ರಜೆ. ಕೊಳ್ಳುವವರಿಗೆ 23 ತುಂಬಿರಬೇಕು. 2014ರಲ್ಲಿ ಉಮ್ಮನ್ ಚಾಂಡಿ ಸರ್ಕಾರ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರುಗಳನ್ನು ಮುಚ್ಚಿಸಿದಾಗ ಅನೇಕ ಬಾರುಗಳು ಬಿಯರ್-ವೈನ್ ಪಾರ್ಲರುಗಳಾದವು. 2017ರಲ್ಲಿ ಆ ನೀತಿ ಸಡಿಲವಾಯಿತು. ಆಮದು ವೈನ್ ಮೇಲೆ ಕೇಂದ್ರದ ಸುಂಕ ಬಹುಕಾಲ ಶೇಕಡಾ 150ರಷ್ಟಿತ್ತು, ಅದರ ಮೇಲೆ ರಾಜ್ಯದ ತೆರಿಗೆ. ಹಾಗಾಗಿ ಅನೇಕ ಮಲಯಾಳಿ ಕುಟುಂಬಗಳಿಗೆ ಶಾಂಪೇನ್ ಎಂದರೆ ನೆಡುಂಬಾಶೇರಿ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯ ಬಾಟಲಿ. ಗಲ್ಫಿನಿಂದ ಬರುವವರು ತಮ್ಮ ಪಾಲಿನ ಎರಡು ಲೀಟರಿನೊಳಗೆ ತರುವಂಥದ್ದು. ಎಲ್ಲಿಂದ ತಂದರೂ ಅಗ್ಗವಲ್ಲ. ಆದ್ದರಿಂದ ಲೇಬಲ್ ಓದಲು ಬಂದರೆ ದುಡ್ಡು ಉಳಿಯುತ್ತದೆ, ಹಬ್ಬವೂ ಕೆಡುವುದಿಲ್ಲ.

ಮೊದಲು ನೋಡಬೇಕಾದ್ದು ಸಿಹಿ.

ಶಾಂಪೇನ್ ತಯಾರಿಕೆಯ ಕೊನೆಯ ಹಂತದಲ್ಲಿ, ಬಿರಡೆ ಹಾಕುವ ಮುನ್ನ, ಬಾಟಲಿಗೆ ಒಂದಿಷ್ಟು ಸಕ್ಕರೆ ಬೆರೆಸಿದ ವೈನ್ ಸೇರಿಸುತ್ತಾರೆ. ಇದಕ್ಕೆ ದೊಸಾಜ್ ಎಂದು ಹೆಸರು. ಅದರ ಪ್ರಮಾಣವನ್ನು ಲೇಬಲ್ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತದೆ. ಬ್ರೂಟ್ ನೇಚರ್ ಎಂದಿದ್ದರೆ ಸಕ್ಕರೆ ಸೇರಿಸಿಯೇ ಇಲ್ಲ, ಲೀಟರಿಗೆ 3 ಗ್ರಾಂ ಒಳಗೆ. ಎಕ್ಸ್‌ಟ್ರಾ ಬ್ರೂಟ್ 6 ಗ್ರಾಂವರೆಗೆ, ಬ್ರೂಟ್ 12 ಗ್ರಾಂ ಒಳಗೆ. ಹೊಸಬರು ಮೋಸಹೋಗುವುದು ಮುಂದಿನ ಮೆಟ್ಟಿಲಲ್ಲಿ: ಎಕ್ಸ್‌ಟ್ರಾ ಡ್ರೈ ಎಂಬುದು ಬ್ರೂಟ್‌ಗಿಂತ ಸಿಹಿ, 12ರಿಂದ 17 ಗ್ರಾಂ. ಸೆಕ್ ಎಂಬುದು 32ರವರೆಗೆ, ಡೆಮಿ-ಸೆಕ್ 32ರಿಂದ 50. ಅದನ್ನೂ ಮೀರಿದ್ದು ಡೂ. ಲೋಟದ ಲೆಕ್ಕ ಹಾಕಿದರೆ, 750 ಮಿಲಿಲೀಟರ್ ಬಾಟಲಿಯಲ್ಲಿ 125 ಮಿಲಿಲೀಟರಿನ ಆರು ಲೋಟ. ಲೀಟರಿಗೆ 10 ಗ್ರಾಂ ಇರುವ ಬ್ರೂಟ್‌ನ ಒಂದು ಲೋಟದಲ್ಲಿ ಸಕ್ಕರೆ ಒಂದೂಕಾಲು ಗ್ರಾಂ ಮಾತ್ರ, 40 ಗ್ರಾಂ ಇರುವ ಡೆಮಿ-ಸೆಕ್‌ನಲ್ಲಿ 5 ಗ್ರಾಂ. ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿಕೊಳ್ಳುವವರಿಗೆ ಎರಡನೆಯದು ಸಹಜ ಅನ್ನಿಸಿದರೆ ಆಶ್ಚರ್ಯವಿಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ.

ನಾಚಿಕೆಯ ಮಾತು ಸುಮ್ಮನೆ ಬಂದದ್ದಲ್ಲ. ಸಿಹಿ ಶಾಂಪೇನ್ ಇಷ್ಟಪಡುವವರನ್ನು ರುಚಿ ಗೊತ್ತಿಲ್ಲದವರೆಂದು ನೋಡುವ ರೂಢಿ ಎಲ್ಲ ಕಡೆ ಇದೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲ್ಯಾಂಡ್ ದ್ವೀಪಗಳ ಬಳಿ ಮುಳುಗಿದ್ದ ಹಡಗೊಂದರಲ್ಲಿ 19ನೇ ಶತಮಾನದ 168 ಶಾಂಪೇನ್ ಬಾಟಲಿಗಳು ಸಿಕ್ಕವು. ವ್ಯೂವ್ ಕ್ಲಿಕೋ, ಜುಗ್ಲಾರ್‌ನಂಥ ಮನೆತನಗಳ ಬಾಟಲಿಗಳು ಅವು. ವಿಜ್ಞಾನಿಗಳು ಪರೀಕ್ಷಿಸಿದಾಗ ಲೀಟರಿಗೆ ಸುಮಾರು 150 ಗ್ರಾಂ ಸಕ್ಕರೆ ಕಂಡಿತು. ರಷ್ಯನ್ನರ ಚಪಲ ಅದಕ್ಕಿಂತಲೂ ಸಿಹಿಯದು. ಇಂಗ್ಲಿಷರಿಗೆ ಸಿಹಿ ಇಲ್ಲದ್ದು ಬೇಕಿತ್ತು. ಅವರನ್ನು ಮೆಚ್ಚಿಸಲು ಲೂಯಿಸ್ ಪೊಮ್ಮೆರಿ ಎಂಬ ಮಹಿಳೆ 1874ರ ದ್ರಾಕ್ಷಿಯಿಂದ ಮಾಡಿದ ಬ್ರೂಟ್ ಹೆಸರಾಯಿತು, ಮುಂದೆ ಜಗತ್ತಿನ ರುಚಿಯೇ ಅತ್ತ ಹೊರಳಿತು. ಇಂದು ಪ್ರತಿಷ್ಠೆಯ ರುಚಿ ಎನಿಸಿಕೊಂಡಿರುವುದು ಒಂದು ಕಾಲದ, ಒಂದು ಮಾರುಕಟ್ಟೆಯ ಆಯ್ಕೆ.

ಎರಡನೆಯದು ದ್ರಾಕ್ಷಿ. ಶಾಂಪೇನ್ ಎಂಬುದು ಪ್ಯಾರಿಸ್‌ನ ಪೂರ್ವಕ್ಕೆ, ರೆನ್ಸ್ ಮತ್ತು ಎಪರ್ನೇ ಊರುಗಳ ಸುತ್ತ ಇರುವ ಸುಮಾರು 34,000 ಹೆಕ್ಟೇರ್ ತೋಟಗಳ ವೈನ್‌ಗೆ ಮಾತ್ರ ಸಲ್ಲುವ ಹೆಸರು. ಭಾರತದಲ್ಲೂ ಅದು ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ. ನೆಲ ಸೀಮೆಸುಣ್ಣದ್ದು, ಹವೆ ಚಳಿಯದ್ದು, ಆದ್ದರಿಂದ ದ್ರಾಕ್ಷಿಯಲ್ಲಿ ಹುಳಿ ನಿಲ್ಲುತ್ತದೆ. ಬಹುಪಾಲು ಮೂರೇ ತಳಿ. ಬಿಳಿಯ ಶಾರ್ಡೊನೆ ನಿಂಬೆ, ಹಸಿರು ಸೇಬಿನ ಚುರುಕು ಕೊಡುತ್ತದೆ. ಕಪ್ಪು ಸಿಪ್ಪೆಯ ಪಿನೊ ನ್ವಾರ್ ಮೈತುಂಬಿದ ರುಚಿ ಕೊಡುತ್ತದೆ. ಮ್ಯೂನಿಯೆ ಹಣ್ಣಿನ ಮೃದುತನ ತರುತ್ತದೆ. ಲೇಬಲ್ಲಿನಲ್ಲಿ ಬ್ಲಾಂ ದ ಬ್ಲಾಂ ಎಂದಿದ್ದರೆ ಬಿಳಿ ದ್ರಾಕ್ಷಿಯದು, ಬ್ಲಾಂ ದ ನ್ವಾರ್ ಎಂದಿದ್ದರೆ ಕಪ್ಪು ದ್ರಾಕ್ಷಿಯದು. ಹುಳಿಯ ಚುರುಕು ಇಷ್ಟವಾದರೆ 1729ರಿಂದ ನಡೆದುಬಂದಿರುವ ರುಯಿನಾರ್‌ನ ಬ್ಲಾಂ ದ ಬ್ಲಾಂ, ಇಲ್ಲವೇ ಶಾರ್ಡೊನೆಗೆ ಒತ್ತು ಕೊಡುವ ಟೆಟಿಂಜೆ. ಗಟ್ಟಿ ರುಚಿ ಬೇಕಾದರೆ ಪಿನೊ ನ್ವಾರ್ ಹೆಚ್ಚಿರುವ ಬೊಲಂಜೆ, ವ್ಯೂವ್ ಕ್ಲಿಕೋ.

ಪಿನೊ ನ್ವಾರ್‌ಗೆ ಹೆಸರಾದ ಬೂಜಿ ಎಂಬ ಹಳ್ಳಿಗೂ ಕರ್ನಾಟಕಕ್ಕೂ ನಂಟಿದೆ. ಅಲ್ಲಿನ ಮೇಯರ್ ಆಗಿದ್ದ, ಮುಮ್ ಶಾಂಪೇನ್ ಸಂಸ್ಥೆಯ ತಾಂತ್ರಿಕ ನಿರ್ದೇಶಕರಾಗಿದ್ದ ಜಾರ್ಜ್ ವೆಸೆಲ್, ಕನ್ವಲ್ ಗ್ರೋವರ್ ಎಂಬ ಉದ್ಯಮಿಯ ಜೊತೆ ಭಾರತದಲ್ಲಿ ವೈನ್ ದ್ರಾಕ್ಷಿಗೆ ಒಗ್ಗುವ ನೆಲ ಹುಡುಕಿದರು. ಕೊನೆಗೆ ನಿಂತದ್ದು ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಬುಡದಲ್ಲಿ. 1988ರಲ್ಲಿ ಗ್ರೋವರ್ ವಿನ್‌ಯಾರ್ಡ್ಸ್ ಹುಟ್ಟಿತು. ಇಂದು ಗ್ರೋವರ್ ಜಂಪಾ ಎಂದು ಕರೆಯುವ ಸಂಸ್ಥೆ 'ಸ್ವಾರೆ' ಎಂಬ ಗುಳ್ಳೆ ವೈನನ್ನು ಶಾಂಪೇನ್‌ನ ಕ್ರಮದಲ್ಲೇ, ಬಾಟಲಿಯೊಳಗೆ ಎರಡನೇ ಸಲ ಹುದುಗಿಸಿ ಮಾಡುತ್ತದೆ. ಮೊಯೆಟ್ ಹೆನೆಸ್ಸಿ 2013ರಲ್ಲಿ ನಾಸಿಕದ ದ್ರಾಕ್ಷಿಯ ಶಾಂಡೋನ್ ತಂದಿತು. ಇವಕ್ಕೆ ಶಾಂಪೇನ್ ಎಂಬ ಹೆಸರಿಲ್ಲ, ಫ್ರಾನ್ಸಿನ ಚಳಿ ಕೊಡುವ ಹುಳಿಯೂ ಅಷ್ಟಿಲ್ಲ. ಆದರೆ ತನಗೆ ಬೇಕಾದ್ದು ಯಾವ ಬಗೆ ಎಂದು ಕಲಿಯಲು ಇವುಗಳಿಂದ ಶುರುಮಾಡುವುದೇ ಜಾಣತನ. ಬೆಲೆ ಬಹಳ ಕಡಿಮೆ.

ಮೂರನೆಯದು ಕಾಲ. ಎರಡನೇ ಹುದುಗು ಮುಗಿದ ಮೇಲೆ ಸತ್ತ ಯೀಸ್ಟ್ ಬಾಟಲಿಯ ತಳದಲ್ಲಿ ಗಸಿಯಾಗಿ ಕೂರುತ್ತದೆ. ಆ ಗಸಿಯ ಮೇಲೆ ವೈನ್ ಎಷ್ಟು ಕಾಲ ಮಲಗಿತೋ ಅಷ್ಟು ಹೆಚ್ಚಾಗಿ ಬ್ರೆಡ್ಡು, ಬೆಣ್ಣೆ, ಹುರಿದ ಬಾದಾಮಿಯ ಪರಿಮಳ ಬರುತ್ತದೆ. ಹಲವು ವರ್ಷಗಳ ವೈನ್ ಬೆರೆಸಿದ ಸಾಮಾನ್ಯ ಶಾಂಪೇನ್ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿರಬೇಕು, ವರ್ಷ ನಮೂದಿಸಿದ ವಿಂಟೇಜ್ 3 ವರ್ಷ. ತಾಜಾ ಹಣ್ಣಿನ ರುಚಿ ಬೇಕೆನ್ನುವವರು ವಿಂಟೇಜ್‌ಗೆ ಹೆಚ್ಚಿನ ದುಡ್ಡು ತೆತ್ತರೆ ಅವರಿಗೆ ಸಿಗುವುದು ನಿರಾಸೆಯೇ.

ಇನ್ನು ಊಟ. ಶಾಂಪೇನ್ ಎಂದರೆ ಕೇಕಿನ ಜೊತೆ ಎಂಬ ಅಭ್ಯಾಸವನ್ನು ಕೊಚ್ಚಿಯವರು ಬಿಡುವುದು ಒಳ್ಳೆಯದು, ಏಕೆಂದರೆ ಅವರ ಅಡುಗೆಮನೆಯಲ್ಲಿ ಇದಕ್ಕೆ ಒಪ್ಪುವ ತಿನಿಸು ಬೇಕಾದಷ್ಟಿದೆ. ತೆಂಗಿನೆಣ್ಣೆಯಲ್ಲಿ ಕರಿದ ಉಪ್ಪುಪ್ಪು ನೇಂದ್ರ ಬಾಳೆಕಾಯಿ ಚಿಪ್ಸ್‌ಗೆ ಬ್ರೂಟ್‌ನಂಥ ಜೊತೆ ಇಲ್ಲ. ಎಣ್ಣೆಯ ಜಿಡ್ಡನ್ನು ಹುಳಿಯೂ ಗುಳ್ಳೆಯೂ ತೊಳೆದುಬಿಡುತ್ತವೆ. ಮಂಗಳೂರಿನ ರವೆ ಹಚ್ಚಿ ಹುರಿದ ಕಾಣೆ ಮೀನಿಗೂ ಇದೇ ಮಾತು. ತೆಂಗಿನ ಹಾಲಿನ ಮೀನ್ ಮೋಯ್ಲಿಗೆ ಬ್ಲಾಂ ದ ಬ್ಲಾಂ. ಸಿರಿಯನ್ ಕ್ರೈಸ್ತರ ಮನೆಗಳ ಕ್ರಿಸ್‌ಮಸ್ ಬೆಳಗಿನ ಅಪ್ಪಂ ಮತ್ತು 'ಇಷ್ಟು' ಎಂಬ ಸ್ಟ್ಯೂಗೆ ಗಸಿಯ ಮೇಲೆ ಹೆಚ್ಚು ಕಾಲ ಮಲಗಿದ ಶಾಂಪೇನ್ ತುಂಬ ಒಪ್ಪುತ್ತದೆ. ಕಳ್ಳು ಅಥವಾ ಯೀಸ್ಟ್ ಹಾಕಿ ಹುದುಗಿಸಿದ ಹಿಟ್ಟಿನ ಪರಿಮಳವೂ ವೈನ್‌ನ ಆ ಬ್ರೆಡ್ಡಿನ ಪರಿಮಳವೂ ಒಂದೇ ಮೂಲದವು. ಬಾಳೆಲೆಯಲ್ಲಿ ಸುಟ್ಟ ಕರಿಮೀನ್ ಪೊಳ್ಳಿಚ್ಚದ್ದಿಗೆ ಗುಲಾಬಿ ಬಣ್ಣದ ರೋಸೆ ಅಥವಾ ಬ್ಲಾಂ ದ ನ್ವಾರ್ ಬೇಕು, ತೆಳ್ಳನೆಯದು ಮಸಾಲೆಯೆದುರು ಸೋಲುತ್ತದೆ.

ಕುಡಂಪುಳಿ ಹಾಕಿದ ಕೆಂಪು ಮೀನ್ ಕರಿ ಮಾತ್ರ ಕಠಿಣ. ಖಾರದ ಉರಿಯನ್ನು ಮದ್ಯವೂ ಗುಳ್ಳೆಯೂ ಹೆಚ್ಚಿಸುತ್ತವೆ, ಸಿಹಿಯಿಲ್ಲದ ಬ್ರೂಟ್ ನೇಚರ್ ಅದರ ಪಕ್ಕದಲ್ಲಿ ಒಗರಾಗಿ ಕಾಣುತ್ತದೆ. ಇಲ್ಲಿ ಗೆಲ್ಲುವುದು ಎಕ್ಸ್‌ಟ್ರಾ ಡ್ರೈ ಅಥವಾ ಡೆಮಿ-ಸೆಕ್. ಕೋರಿ ಗಸ್ಸಿಗೂ ಅದೇ. ಪಾಯಸದ ಜೊತೆ ಯಾವುದೂ ಬೇಡ. ಅಡೆ ಪ್ರಥಮನ್ ಉಂಡ ನಾಲಿಗೆಗೆ ಡೆಮಿ-ಸೆಕ್ ಕೂಡ ಹುಳಿ.

ಒಳ್ಳೆಯ ಬಾಟಲಿಯನ್ನೂ ಕೊಚ್ಚಿಯ ಸೆಕೆ ಕೆಡಿಸಬಲ್ಲದು. ಅಂಗಡಿಯಲ್ಲಿ ಪ್ರಖರ ದೀಪದಡಿ, ಬಿಸಿ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದನ್ನು ಕೊಳ್ಳಬಾರದು. ಮನೆಗೆ ತಂದದ್ದನ್ನು ಶೋಕೇಸಿನಲ್ಲಿ ವರ್ಷಗಟ್ಟಲೆ ಇಡುವುದೂ ಬೇಡ. ಕುಡಿಯುವ ಹೊತ್ತಿಗೆ 8ರಿಂದ 10 ಡಿಗ್ರಿ ಇರಬೇಕು. ಫ್ರಿಜ್ಜಿನಲ್ಲಿ ಮೂರು-ನಾಲ್ಕು ಗಂಟೆ, ಅವಸರವಿದ್ದರೆ ಅರ್ಧ ಐಸು ಅರ್ಧ ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ. ತಣ್ಣಗಾಗದ ಬಾಟಲಿ ತೆರೆಯುವುದು ಅಪಾಯ. ಒಳಗಿನ ಒತ್ತಡ ಸುಮಾರು 6 ವಾತಾವರಣದಷ್ಟು, ಕಾರಿನ ಟೈರಿನದಕ್ಕಿಂತ ಎರಡು-ಮೂರು ಪಟ್ಟು, ಸೆಕೆಗೆ ಇನ್ನೂ ಏರುತ್ತದೆ. ತಂತಿ ಸಡಿಲಿಸುವಾಗಲೇ ಬಿರಡೆಯ ಮೇಲೆ ಹೆಬ್ಬೆರಳಿರಲಿ. ಬಾಟಲಿಯನ್ನು ಯಾರ ಮುಖಕ್ಕೂ ಹಿಡಿಯದೆ ಓರೆಯಾಗಿಟ್ಟು, ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು. ಢಂ ಎಂದು ಹಾರಿಸಿದರೆ ಕೊಟ್ಟ ದುಡ್ಡು ನೆಲಕ್ಕೆ ಸುರಿಯುತ್ತದೆ. ಸುರಿಯುವಾಗ ಲೋಟವನ್ನು ವಾಲಿಸಿಕೊಂಡರೆ ಗುಳ್ಳೆ ಹೆಚ್ಚು ಉಳಿಯುತ್ತದೆಂದು ರೆನ್ಸ್ ವಿಶ್ವವಿದ್ಯಾಲಯದ ಜೆರಾರ್ ಲಿಜೆ-ಬೆಲೇರ್ ತಂಡ 2010ರಲ್ಲಿ ಅಳೆದು ತೋರಿಸಿತು. ಲೋಟ ಸಪೂರ ಕೊಳವೆಯಂತಿರುವುದಕ್ಕಿಂತ ನಡುವೆ ತುಸು ಉಬ್ಬಿ ಬಾಯಿ ಕಿರಿದಾದದ್ದು ಮೇಲು, ಪರಿಮಳ ಅದರಲ್ಲಿ ನಿಲ್ಲುತ್ತದೆ. ಸೆಕೆಯ ಊರಲ್ಲಿ ಒಮ್ಮೆಗೆ ಅರ್ಧ ಲೋಟ ಸಾಕು, ಮುಗಿಯುವ ತನಕ ತಂಪಾಗಿರುತ್ತದೆ.

ತಮ್ಮ ರುಚಿ ಯಾವುದೆಂದು ತಿಳಿಯಬೇಕೆನ್ನುವವರು ನಾಲ್ಕಾರು ಮಂದಿ ಗೆಳೆಯರು ಹಣ ಕೂಡಿಸಿ, ಒಂದು ಬ್ಲಾಂ ದ ಬ್ಲಾಂ ಮತ್ತು ಪಿನೊ ನ್ವಾರ್ ಹೆಚ್ಚಿರುವ ಒಂದು ಬ್ರೂಟ್ ತಂದು, ಎರಡಕ್ಕೂ ಕಾಗದ ಸುತ್ತಿ ಹೆಸರು ಮರೆಮಾಡಿ ಒಂದೇ ಊಟದ ಜೊತೆ ಕುಡಿದು ನೋಡಬಹುದು. ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತದೆ. ಮಿಕ್ಕಿದ್ದಕ್ಕೆ ಗುಳ್ಳೆ ವೈನ್‌ಗೆಂದೇ ಸಿಗುವ ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಚೆನ್ನಾಗಿರುತ್ತದೆ. ಬಾಟಲಿಯ ಬಾಯಿಗೆ ಚಮಚ ಸಿಕ್ಕಿಸುವ ಹಳೆಯ ಉಪಾಯದಿಂದ ಪ್ರಯೋಜನವಿಲ್ಲ.