ನೆಲಮಾಳಿಗೆಯಲ್ಲಿ ಮಾಗುವ ವೈನ್

ವೈನ್ ಹಳೆಯದಾದಷ್ಟೂ ರುಚಿ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಕುಡಿಯುವ ವಿಚಾರ ನಮಗಿಲ್ಲಿ ಬೇಡ; ಆ ಮಾತಿನ ಹಿಂದಿರುವ ವಿಜ್ಞಾನವನ್ನಷ್ಟೇ ನೋಡೋಣ. ನಿಜ ಹೇಳಬೇಕೆಂದರೆ, ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಮುಗಿಸಬೇಕಾದದ್ದು. ಹೆಚ್ಚು ಕಾಲ ಇಟ್ಟರೆ ಹಣ್ಣಿನ ಪರಿಮಳ ಹೋಗಿ ಸಪ್ಪೆಯಾಗುತ್ತದೆ, ಅಷ್ಟೆ. ಹಾಗಾದರೆ ಫ್ರಾನ್ಸಿನ ಬೋರ್ಡೋ ಸೀಮೆಯ ಕೆಲವು ಕೆಂಪು ವೈನುಗಳನ್ನು ಜನ ಮನೆಯ ನೆಲಮಾಳಿಗೆಯಲ್ಲಿ ಇಪ್ಪತ್ತು, ಮೂವತ್ತು ವರ್ಷ ಇಡುವುದೇಕೆ?

ಎಳೆ ಅಡಿಕೆ ಕಚ್ಚಿದಾಗ ಬಾಯಿ ಒಗರಾಗಿ ನಾಲಿಗೆ ಒಣಗಿದಂತಾಗುತ್ತದಲ್ಲವೆ? ಅದಕ್ಕೆ ಕಾರಣ ಟ್ಯಾನಿನ್. ಜೊಲ್ಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದುಕೊಳ್ಳುವುದರಿಂದ ಬಾಯಿಯ ಜಾರುತನ ಹೋಗುತ್ತದೆ. ಕೆಂಪು ವೈನಿಗೆ ಟ್ಯಾನಿನ್ ಬರುವುದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ. ವರ್ಷಗಳು ಕಳೆದಂತೆ ಟ್ಯಾನಿನ್ ಅಣುಗಳು ತಮ್ಮತಮ್ಮಲ್ಲಿಯೂ ಸಿಪ್ಪೆಯ ಬಣ್ಣದ ಅಣುಗಳೊಂದಿಗೂ ಕೂಡಿಕೊಳ್ಳುತ್ತವೆ. ಕೆಲವು ದೊಡ್ಡದಾಗಿ ಗಸಿಯಂತೆ ತಳಕ್ಕಿಳಿಯುತ್ತವೆ. ಒಗರು ಮೆತ್ತಗಾಗುತ್ತದೆ, ನೇರಳೆ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಜೊತೆಗೆ ಆಮ್ಲವೂ ಆಲ್ಕೊಹಾಲೂ ಸೇರಿ ಎಸ್ಟರುಗಳಾಗುವುದು, ಎಸ್ಟರುಗಳು ಒಡೆಯುವುದು ನಡೆದೇ ಇರುತ್ತದೆ. ಪರಿಮಳ ಬದಲಾಗಲು ಇದೂ ಒಂದು ಕಾರಣ.

ಆದ್ದರಿಂದ ಇಡಲು ಆರಿಸುವ ವೈನಿನಲ್ಲಿ ಟ್ಯಾನಿನ್, ಹುಳಿ ಅಥವಾ ಸಕ್ಕರೆ ಧಾರಾಳವಾಗಿರಬೇಕು. ದಪ್ಪ ಸಿಪ್ಪೆಯ ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿಯ ವೈನ್ ಹೀಗೆ ಬಾಳುತ್ತದೆ. ಬೋರ್ಡೋದ್ದೇ ಆದ ಸಿಹಿ ಸೋಟರ್ನ್ ಕೂಡ. ಬೆಲೆಯೊಂದನ್ನೇ ನೋಡಿ ಆರಿಸುವವರು ಮೋಸಹೋಗುವುದೇ ಹೆಚ್ಚು.

ಗಾಳಿಯ ಪಾತ್ರವನ್ನು ಲೂಯಿ ಪಾಶ್ಚರ್ ವಿವರಿಸಿದರು. ವೈನ್ ಕುರಿತ ಅವರ ಗ್ರಂಥ 1866ರಲ್ಲಿ ಪ್ರಕಟವಾಯಿತು. ಆಮ್ಲಜನಕ ತುಸುವಾದರೆ ವೈನ್ ಮಾಗುತ್ತದೆ. ಹೆಚ್ಚಾದರೆ ಬ್ಯಾಕ್ಟೀರಿಯಾಗಳು ಬೆಳೆದು ವೈನ್ ವಿನೆಗರ್ ಆಗುತ್ತದೆ. ಬಾಟಲಿಯನ್ನು ಮಲಗಿಸಿಡುವುದು ಕಾರ್ಕಿನ ಬಿರಡೆ ಒಣಗಿ ಗಾಳಿಗೆ ದಾರಿ ಕೊಡಬಾರದೆಂದು.

ಇನ್ನು ಉಷ್ಣತೆ. ಅನೇಕ ರಾಸಾಯನಿಕ ಕ್ರಿಯೆಗಳ ವೇಗ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ಪಾಠದಲ್ಲಿ ಓದಿರುತ್ತೀರಿ. ಹಾಗಿದ್ದರೆ ಬಿಸಿಯಲ್ಲಿಟ್ಟು ಬೇಗ ಮಾಗಿಸಬಹುದಲ್ಲ? ಆಗದು. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಬೇಡದವೂ ಮುನ್ನುಗ್ಗಿ ವೈನಿಗೆ ಬೆಂದ ರುಚಿ ಬರುತ್ತದೆ. ಕಾದು ಹಿಗ್ಗಿದ ದ್ರವ ಬಿರಡೆಯನ್ನೇ ಹೊರಕ್ಕೆ ತಳ್ಳೀತು. ಅದಕ್ಕೇ 12, 13 ಡಿಗ್ರಿಯ ಸ್ಥಿರ ತಂಪು ಮತ್ತು ಕತ್ತಲೆ ಬೇಕು.

ನೆಲಮಾಳಿಗೆ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ಮಣ್ಣು ಶಾಖವನ್ನು ಬಲು ನಿಧಾನವಾಗಿ ಒಯ್ಯುತ್ತದೆ. ಬೇಸಿಗೆಯ ಬಿಸಿ ಕೆಲವು ಮೀಟರ್ ಇಳಿಯುವಷ್ಟರಲ್ಲಿ ಮೇಲೆ ಚಳಿಗಾಲ. ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದ ಕೆಳಗೆ, ಸುಮಾರು 28 ಮೀಟರ್ ಆಳದಲ್ಲಿ, 1783ರಲ್ಲಿ ಲವಾಸಿಯೇ ಅವರ ಉಷ್ಣಮಾಪಕವನ್ನು ಇಡಲಾಯಿತು. ಅಲ್ಲಿ ಬೇಸಿಗೆ, ಚಳಿಗಾಲವೆನ್ನದೆ ಹೆಚ್ಚುಕಡಿಮೆ 12 ಡಿಗ್ರಿ. ಆಳದ ನೆಲ ತೋರಿಸುವುದು ಆ ಊರಿನ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರದ ಅಂಕಿ.

ಈಗ ನಮ್ಮ ಲೆಕ್ಕ ಹಾಕಿ ನೋಡಿ. ನಂದಿ ಬೆಟ್ಟದ ಆಸುಪಾಸಿನಲ್ಲೂ ವೈನಿನ ದ್ರಾಕ್ಷಿ ಬೆಳೆಯುತ್ತಾರೆ. ಆದರೆ ಬೆಂಗಳೂರಿನ ವಾರ್ಷಿಕ ಸರಾಸರಿ 24 ಡಿಗ್ರಿಯ ಆಸುಪಾಸು. ಇಲ್ಲಿ ಎಷ್ಟು ಆಳ ತೋಡಿದರೂ ನೆಲ 12 ಡಿಗ್ರಿಗೆ ಇಳಿಯದು. ಬಾಟಲಿ ಮಾಗಿಸಬೇಕೆಂಬವರು ತಂಪು ಬೀರುವೊಂದನ್ನು ಕೊಂಡು ವರ್ಷವಿಡೀ ಕರೆಂಟ್ ಬಿಲ್ ಕಟ್ಟಬೇಕು.